ಓದುಗರ ಅಂಚೆ: "ದೇವರು ನನ್ನನ್ನು ಇನ್ನೂ ಯಾಕೆ ಇಟ್ಟಿದ್ದಾನೆ?"

ಎಪ್ಪತ್ತರ ಆಸುಪಾಸಿನವರು, ದಾಟಿದವರು ಬರೆಯಿರಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆ. ಬಂದ ಪತ್ರಗಳಲ್ಲಿ ಐದನ್ನು ಇಲ್ಲಿ ತೆಗೆದುಕೊಂಡಿದ್ದೇನೆ. ನಾಲ್ಕು ಕರಾವಳಿಯವು, ಒಂದು ಘಟ್ಟದ ಮೇಲಿನದು. ಮೊದಲ ಪತ್ರಕ್ಕೇ ಜಾಗ ಜಾಸ್ತಿ ಹೋಗಿದೆ, ಬೇಕೆಂದೇ ಕೊಟ್ಟಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ. ನಮ್ಮದು ಸಣ್ಣ ಊರುಗಳು, ಭಾನುವಾರ ಇಗರ್ಜಿಯ ಮೆಟ್ಟಿಲಲ್ಲೇ ಗುರುತು ಸಿಕ್ಕಿಬಿಡುತ್ತದೆ.

*

ಪ್ರಶ್ನೆ: ನನಗೆ 71 ವರ್ಷ. ಕನ್ನಡ ಶಾಲೆಯಲ್ಲಿ 33 ವರ್ಷ ಅಕ್ಕೋರಾಗಿದ್ದೆ. ಯಜಮಾನರು ಹೋಗಿ ಎರಡು ವರ್ಷವಾಯಿತು. ಒಬ್ಬ ಮಗ ಪುಣೆಯಲ್ಲಿ, ಇನ್ನೊಬ್ಬ ಕತಾರಿನಲ್ಲಿ. ಇಬ್ಬರೂ ಬಾ ಅನ್ನುತ್ತಾರೆ, ನನಗೆ ಊರು ಬಿಡಲು ಮನಸ್ಸಿಲ್ಲ. ದಿನಾ ಬೆಳಿಗ್ಗೆ ಪೂಜೆಗೆ ಹೋಗುತ್ತೇನೆ, ಸಂಜೆ ತೇರ್ಸ್ (ಜಪಮಾಲೆ ಪ್ರಾರ್ಥನೆ) ಹೇಳುತ್ತೇನೆ. ಆದರೆ ಪೂಜೆ ಮುಗಿಸಿ ಬಂದು ಮನೆ ಬೀಗ ತೆಗೆದರೆ, ಮುಂದೆ ಏನು ಅಂತ ಗೊತ್ತಾಗುವುದಿಲ್ಲ. ಯಾರಿಗೂ ನಾನು ಬೇಕಾಗಿಲ್ಲ. ದೇವರು ನನ್ನನ್ನು ಇನ್ನೂ ಯಾಕೆ ಇಟ್ಟಿದ್ದಾನೆ? ಹೀಗೆ ಕೇಳುವುದೇ ವಿಶ್ವಾಸದ ಕೊರತೆಯಾ? (ಕಾರವಾರ)

ಉತ್ತರ: ಅಕ್ಕೋರೇ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಅಲ್ಲ, ಕೊರತೆಯಲ್ಲ. ಬೈಬಲಿನ ರೂತಳ ಅತ್ತೆ ನೊವೊಮಿ ನೆನಪಿದ್ದಾಳಲ್ವಾ? ಪರದೇಶದಲ್ಲಿ ಗಂಡ ಸತ್ತ, ಇಬ್ಬರು ಗಂಡುಮಕ್ಕಳೂ ಸತ್ತರು. ಬರಿಗೈಲಿ ಬೆತ್ಲೆಹೇಮಿಗೆ ವಾಪಸು ಬಂದಾಗ ಊರ ಹೆಂಗಸರು "ಇವಳು ನಮ್ಮ ನೊವೊಮಿ ಅಲ್ವಾ" ಅಂದರು. ಅದಕ್ಕೆ ಅವಳು, ನನ್ನನ್ನು ನೊವೊಮಿ ಅನ್ನಬೇಡಿ, ಮಾರಾ ಅನ್ನಿ, ದೇವರು ನನ್ನ ಬಾಳನ್ನು ಕಹಿ ಮಾಡಿಟ್ಟಿದ್ದಾನೆ ಅಂದಳು. ನೊವೊಮಿ ಎಂದರೆ ಸವಿ, ಮಾರಾ ಎಂದರೆ ಕಹಿ. ಇಷ್ಟು ಖಾರವಾದ ಮಾತನ್ನು ಯಾರೂ ಅಳಿಸಿ ಹಾಕಲಿಲ್ಲ, ಪವಿತ್ರ ಗ್ರಂಥದಲ್ಲಿ ಹಾಗೇ ಕೂತಿದೆ. 71ನೇ ಕೀರ್ತನೆಯವನೂ ಮುಪ್ಪಿನಲ್ಲಿ ನನ್ನನ್ನು ತಳ್ಳಿಬಿಡಬೇಡ, ಬಲ ಕುಂದಿದಾಗ ಕೈಬಿಡಬೇಡ ಅಂತ ಗೋಗರೆಯುತ್ತಾನೆ. ದೇವರ ಹತ್ತಿರ ಜಗಳ ಬೇಕಾದರೆ ಆಡಿ. ಮಾತು ಮಾತ್ರ ಬಿಡಬೇಡಿ.

ಇನ್ನೊಂದು ಮಾತು, ಇದನ್ನು ಇಗರ್ಜಿಯಲ್ಲಿ ಯಾರೂ ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತೇನೆ. ನಿದ್ದೆ ಸರಿಯಾಗಿ ಬರುತ್ತದಾ? ಊಟ ಸೇರುತ್ತದಾ? ಒಬ್ಬರಿಗೇ ಅಂತ ಅಡುಗೆ ಮಾಡದೆ ಚಹಾ ಬಿಸ್ಕತ್ತಿನಲ್ಲಿ ದಿನ ಕಳೆಯುತ್ತಿದ್ದೀರಾ? ಹಾಗಿದ್ದರೆ ಒಮ್ಮೆ ಡಾಕ್ಟರಿಗೆ ತೋರಿಸಿ, ರಕ್ತ ಪರೀಕ್ಷೆ ಮಾಡಿಸಿ. ಥೈರಾಯ್ಡ್ ಏರುಪೇರಾದರೂ, ಬಿ12 ಕಡಿಮೆಯಾದರೂ ಮನಸ್ಸು ಮಂಕಾಗುತ್ತದೆ. ಖಿನ್ನತೆಯೂ ಒಂದು ಕಾಯಿಲೆಯೇ, ಅದಕ್ಕೆ ಮದ್ದಿದೆ. ಅದನ್ನು ಪಾಪ ಎಂದುಕೊಂಡು ಬರೀ ಪ್ರಾರ್ಥನೆಯಲ್ಲಿ ತೇಯುತ್ತಾ ಕೂರುವುದು ಬೇಡ. ರಾತ್ರಿ ಹೊತ್ತು ತೀರಾ ಕಷ್ಟ ಅನ್ನಿಸಿದರೆ ಸರ್ಕಾರದ ಟೆಲಿ ಮಾನಸ್ ಇದೆ, 14416 ಒತ್ತಿದರೆ ಕನ್ನಡದಲ್ಲೇ ಮಾತಾಡುತ್ತಾರೆ.

ಈಗ ನಿಮ್ಮ ದೊಡ್ಡ ಪ್ರಶ್ನೆ. ಇದಕ್ಕೆ ನನಗೆ ಯಾವಾಗಲೂ ನೆನಪಾಗುವುದು ಲೂಕನ ಎರಡನೇ ಅಧ್ಯಾಯದ ಅನ್ನಮ್ಮ. ಮದುವೆಯಾಗಿ ಏಳೇ ವರ್ಷಕ್ಕೆ ಗಂಡ ಹೋದ. ಈಗ 84. ದೇವಾಲಯ ಬಿಟ್ಟು ಹೋಗದೆ ಹಗಲು ರಾತ್ರಿ ಉಪವಾಸ, ಪ್ರಾರ್ಥನೆ. ಪ್ರಸಂಗಗಳಲ್ಲಿ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ, ನೋಡಿ ಎಂಥ ಭಕ್ತೆ, ಮುದುಕರೆಲ್ಲ ಹೀಗಿರಬೇಕು ಅಂತ. ನನಗೆ ಇದು ಒಪ್ಪಿಗೆಯಿಲ್ಲ. ಕಥೆ ಇರುವುದು ಆಮೇಲೆ. ಆ ದಿನ ಒಬ್ಬ ಬಡಗಿ ಮತ್ತು ಅವನ ಹೆಂಡತಿ ಕೂಸನ್ನು ಎತ್ತಿಕೊಂಡು ಬಂದರು. ಬಲಿಕಾಣಿಕೆಗೆ ಕುರಿ ತರುವಷ್ಟು ಅನುಕೂಲ ಇಲ್ಲದ ಬಡವರು ಒಂದು ಜೋಡಿ ಹಕ್ಕಿ ಕೊಡಬಹುದಿತ್ತು, ಇವರು ಕೊಟ್ಟದ್ದು ಅದನ್ನೇ. ಅಷ್ಟು ಜನರಿದ್ದ ದೇವಾಲಯದಲ್ಲಿ, ಯಾಜಕರು ಶಾಸ್ತ್ರಿಗಳು ಓಡಾಡುವ ಜಾಗದಲ್ಲಿ, ಆ ಕೂಸು ಯಾರು ಅಂತ ಗುರುತು ಹಿಡಿದವರು ಎರಡೇ ಜನ. ಒಬ್ಬ ಸಿಮೆಯೋನ, ಇನ್ನೊಬ್ಬಳು ಈ ಅಜ್ಜಿ. ಸಿಮೆಯೋನ ಕೂಸನ್ನು ಎತ್ತಿಕೊಂಡು, ಇನ್ನು ನನ್ನನ್ನು ಸಮಾಧಾನದಿಂದ ಕಳಿಸಿಬಿಡು ದೇವರೇ ಅಂದ. ಅನ್ನಮ್ಮ ಹಾಗೆ ಏನೂ ಕೇಳಲಿಲ್ಲ. ಬಿಡುಗಡೆಗೆ ಕಾಯುತ್ತಿದ್ದವರಿಗೆಲ್ಲ ಆ ಮಗುವಿನ ಸುದ್ದಿ ಹೇಳಲು ಶುರು ಮಾಡಿದಳು.

ಉಳಿದವರಿಗೆ ಕೆಲಸ ಇತ್ತು, ನೋಡಲು ಪುರುಸೊತ್ತಿರಲಿಲ್ಲ. ಇವಳಿಗೆ ಇತ್ತು. ನೀವು ಒಂಬತ್ತು ಗಂಟೆಗೆ ಬೀಗ ತೆಗೆದಾಗ ಖಾಲಿ ಅನ್ನಿಸುವ ಹೊತ್ತು ಇದೆಯಲ್ಲ, ಅದೇ ಆ ಪುರುಸೊತ್ತು. ದೇವರು ಯಾಕೆ ಇಟ್ಟಿದ್ದಾನೆ ಅಂತ ನಾನು ಹೇಳಲಾರೆ, ಅಷ್ಟು ದೊಡ್ಡವರು ನಾವಲ್ಲ. ಯಾರನ್ನು ಯಾರೂ ನೋಡುತ್ತಿಲ್ಲವೋ ಅವರನ್ನು ನೋಡಲು ನಿಮಗೆ ಸಮಯ ಇದೆ, ಅಷ್ಟು ಗೊತ್ತು.

ಸುಮ್ನೆ ಹೇಳಿದರೆ ಆಗುವುದಿಲ್ಲ, ಒಂದು ಕೆಲಸ ಹೇಳುತ್ತೇನೆ. ಪೂಜೆ ಮುಗಿದ ಕೂಡಲೇ ಚಪ್ಪಲಿ ಹಾಕಿಕೊಂಡು ಹೊರಡಬೇಡಿ. ಹತ್ತು ನಿಮಿಷ ಅಂಗಳದಲ್ಲಿ ನಿಲ್ಲಿ. ಕೊನೆಯ ಬೆಂಚಿನಲ್ಲಿ ಕೂತು ಯಾರ ಜೊತೆಗೂ ಮಾತಾಡದೆ ಹೋಗುವವರು ಯಾರು ಅಂತ ನೋಡಿ. ನೌಕಾನೆಲೆಯ ಕೆಲಸ, ಕಟ್ಟಡದ ಕೆಲಸ ಅಂತ ಹೊರರಾಜ್ಯದಿಂದ ಬಂದ ಕುಟುಂಬಗಳು ಕಾರವಾರದಲ್ಲಿ ಕಡಿಮೆಯೇನಿಲ್ಲ. ಅವರ ಮಕ್ಕಳು ಶಾಲೆಯಲ್ಲಿ ಕನ್ನಡ ಪುಸ್ತಕ ಬಿಡಿಸಿ ಮಿಕಿಮಿಕಿ ನೋಡುತ್ತಿರುತ್ತವೆ. ಮನೆಯಲ್ಲಿ ಹೇಳಿಕೊಡುವವರಿಲ್ಲ. ಕಾಗುಣಿತ ತಿದ್ದಿಸಲು 33 ವರ್ಷ ಅಕ್ಕೋರಾಗಿದ್ದವರಿಗಿಂತ ಬೇರೆ ಯಾರು ಬೇಕು? ಒಂದೇ ಮಗುವಿನಿಂದ ಶುರು ಮಾಡಿ. ಟ್ಯೂಷನ್ ಬೋರ್ಡು ಹಾಕಬೇಡಿ, ದುಡ್ಡು ಮುಟ್ಟಬೇಡಿ, ವಾರಕ್ಕೆ ಮೂರು ದಿನ ಸಾಕು. ಸಂಜೆ ತೇರ್ಸ್ ಹೇಳುವಾಗ ಆ ಮಗುವಿನ ಹೆಸರು ಸೇರಿಸಿ. ಲೋಕದ ಎಲ್ಲರಿಗಾಗಿ ಅಂತ ಪ್ರಾರ್ಥಿಸುವುದಕ್ಕೂ, ಇ-ಕಾರ ಈ-ಕಾರ ತಪ್ಪಿಸುವ ಒಬ್ಬ ಪೋರನಿಗಾಗಿ ಪ್ರಾರ್ಥಿಸುವುದಕ್ಕೂ ಬಹಳ ವ್ಯತ್ಯಾಸವಿದೆ, ನೀವೇ ನೋಡುತ್ತೀರಿ.

(ಒಂದು ಸಣ್ಣ ತಕರಾರು. ಪೋಪ್ ಫ್ರಾನ್ಸಿಸ್ 2021ರಲ್ಲಿ ಅಜ್ಜ-ಅಜ್ಜಿಯರಿಗೂ ಹಿರಿಯರಿಗೂ ಅಂತಲೇ ಒಂದು ದಿನ ಮಾಡಿದರು, ಜುಲೈ ತಿಂಗಳ ನಾಲ್ಕನೇ ಭಾನುವಾರ. ಯೇಸುವಿನ ಅಜ್ಜ-ಅಜ್ಜಿ ಜೋಕಿಮ್ ಮತ್ತು ಅನ್ನಮ್ಮನವರ ಹಬ್ಬ ಜುಲೈ 26ಕ್ಕೆ, ಅದರ ಹತ್ತಿರ ಬರುವ ಹಾಗೆ. ಆ ಅನ್ನಮ್ಮ ಬೇರೆ, ನಾನು ಹೇಳಿದ ಅನ್ನಮ್ಮ ಬೇರೆ. ಒಳ್ಳೆಯ ಯೋಚನೆಯೇ. ಆದರೆ ಆ ದಿನ ನಾವು ಹಿರಿಯರನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ, ಶಾಲು ಹೊದಿಸಿ, ಫೋಟೊ ತೆಗೆದು, ತಿಂಡಿ ಕೊಟ್ಟು ಮನೆಗೆ ಕಳಿಸಿಬಿಡುತ್ತೇವೆ. ಒಂದು ಕೆಲಸ ಕೊಟ್ಟು ಕಳಿಸಿದರೆ ಎಷ್ಟು ಚೆನ್ನಾಗಿರುತ್ತಿತ್ತು.)

ಇನ್ನು ಪುಣೆ, ಕತಾರ್ ವಿಷಯ. ಎರಡನೇ ಸಮುವೇಲ 19ನೇ ಅಧ್ಯಾಯದಲ್ಲಿ ಬರ್ಜಿಲ್ಲೈ ಅಂತ ಒಬ್ಬ ಮುದುಕ ಬರುತ್ತಾನೆ, ಇವನ ಮೇಲೆ ಪ್ರಸಂಗ ಮಾಡಿದ್ದನ್ನು ನಾನಂತೂ ಕೇಳಿಲ್ಲ. ದಾವೀದ ಮಗನಿಗೆ ಹೆದರಿ ಓಡಿಹೋದಾಗ ಅವನಿಗೆ ಅನ್ನ ಕೊಟ್ಟವರಲ್ಲಿ ಇವನೂ ಒಬ್ಬ. ಮತ್ತೆ ಪಟ್ಟಕ್ಕೆ ಬಂದ ದಾವೀದ, ಯೆರೂಸಲೇಮಿಗೆ ಬಾ, ನಿನ್ನನ್ನು ಸಾಕುತ್ತೇನೆ ಅಂತ ಕರೆದ. ರಾಜನೇ ಕರೆದರೂ ಮುದುಕ ಹೋಗಲಿಲ್ಲ. ನನಗೆ ಎಂಬತ್ತು ವರ್ಷ, ತಿಂದದ್ದರ ರುಚಿ ಗೊತ್ತಾಗುವುದಿಲ್ಲ, ಹಾಡುವವರ ದನಿ ಕೇಳಿಸುವುದಿಲ್ಲ, ನಿನಗೆ ಯಾಕೆ ಭಾರವಾಗಲಿ, ನನ್ನ ಊರಿನಲ್ಲಿ ಅಪ್ಪ ಅಮ್ಮನ ಸಮಾಧಿಯ ಹತ್ತಿರ ಸಾಯುತ್ತೇನೆ ಬಿಡು ಅಂದ. ದಾವೀದನಿಗೆ ಬೇಸರವಾಗಲಿಲ್ಲ, ಅವನಿಗೆ ಮುತ್ತಿಟ್ಟು ಆಶೀರ್ವಾದ ಮಾಡಿ ಕಳಿಸಿದ. ಹಾಗಾಗಿ ಊರು ಬಿಡಲಾರೆ ಎನ್ನುವುದು ಹಟ ಅಂತ ಯಾರಾದರೂ ಅಂದರೆ ಈ ಅಧ್ಯಾಯ ತೆಗೆದು ತೋರಿಸಿ.

ಆದರೆ ಮುದುಕ ಇನ್ನೊಂದು ಕೆಲಸ ಮಾಡಿದ. ನಾನು ಬರಲ್ಲ, ಈ ಕಿಮ್ಹಾಮನನ್ನು ಕರೆದುಕೊಂಡು ಹೋಗು ಅಂತ ಒಬ್ಬ ಹುಡುಗನನ್ನು ಮುಂದೆ ಬಿಟ್ಟ. ಬಾಗಿಲು ಪೂರ್ತಿ ಹಾಕಲಿಲ್ಲ. ನೀವೂ ಹಾಗೇ ಮಾಡಿ. ಜೂನಿನಲ್ಲಿ ನಮ್ಮ ಮಳೆ ಸುರಿಯಲು ಶುರುವಾದರೆ ಒಬ್ಬರೇ ಆ ಮನೆಯಲ್ಲಿ ಕರೆಂಟಿಲ್ಲದೆ ಕೂರುವುದು ಕಷ್ಟ. ಆಗ ಪುಣೆಗೆ ಹೋಗಿ. ಸೆಪ್ಟೆಂಬರ್ 8ರ ಮರಿಯಮ್ಮನವರ ಹುಟ್ಟುಹಬ್ಬದ ಹೊತ್ತಿಗೆ ತಿರುಗಿ ಬನ್ನಿ. ಮನೆ ಮಾತ್ರ ಮಾರಬೇಡಿ, ಯಾರು ಎಷ್ಟೇ ಹೇಳಲಿ.

*

ಪ್ರಶ್ನೆ: 78 ವರ್ಷ. ನಲವತ್ತು ವರ್ಷ ಬೋಟಿನಲ್ಲಿ ದುಡಿದವನು, ಅದರಲ್ಲಿ ಹೆಚ್ಚಿನ ಕಾಲ ತಾಂಡೇಲ, ಅಂದರೆ ಬೋಟಿನ ಮುಖ್ಯಸ್ಥ. ಈಗ ಎರಡೂ ಮೊಣಕಾಲು ಹೋಗಿವೆ. ಇಗರ್ಜಿಗೆ ಹೋಗಲಾಗದೆ ಮೊಬೈಲಿನಲ್ಲಿ ಪೂಜೆ ನೋಡುತ್ತೇನೆ, ಅದು ನಡೆಯುತ್ತದಾ? ಇನ್ನೊಂದು ಹೇಳಲು ನಾಚಿಕೆ. ಸೊಸೆ ಕಾಲು ತೊಳೆದು ಉಗುರು ಕತ್ತರಿಸುತ್ತಾಳೆ. ಪಾಪ ಒಳ್ಳೆಯವಳು. ಆದರೆ ಹತ್ತು ಜನರಿಗೆ ಹುಕುಂ ಕೊಟ್ಟವನಿಗೆ ಇದು ಸಾಯುವುದಕ್ಕಿಂತ ಕಷ್ಟ. (ಹೊನ್ನಾವರ)

ಉತ್ತರ: ತಾಂಡೇಲರೇ, ಮೊದಲನೆಯದು ಸುಲಭ. ಕಾಯಿಲೆಯವರಿಗೆ, ನಡೆಯಲಾಗದವರಿಗೆ ಭಾನುವಾರದ ಪೂಜೆಯ ಕಡ್ಡಾಯ ಇಲ್ಲ, ನಿಮ್ಮದು ಪಾಪವಲ್ಲ. ಮೊಬೈಲಿನಲ್ಲಿ ನೋಡಿ, ತಪ್ಪಿಲ್ಲ. ಆದರೆ ಮೊಬೈಲಿನಲ್ಲಿ ಪ್ರಸಾದ ಸಿಗುವುದಿಲ್ಲವಲ್ಲ. ಫಾದರಿಗೆ ಹೇಳಿ ಕಳಿಸಿ, ಪರಮಪ್ರಸಾದ ಮನೆಗೇ ತಂದು ಕೊಡುತ್ತಾರೆ. ಹೇಳದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು? ಹಾಗೇ ರೋಗಿಗಳಿಗೆ ಎಣ್ಣೆ ಹಚ್ಚುವ ಸಂಸ್ಕಾರವನ್ನೂ ಕೇಳಿ. ಫಾದರ್ ಎಣ್ಣೆ ತಂದರು ಅಂದರೆ ಕಥೆ ಮುಗಿಯಿತು ಅಂತ ನಮ್ಮ ಕಡೆ ಇನ್ನೂ ಹೆದರುತ್ತಾರೆ. ಅದು ಹಳೇ ಕಾಲದ ಲೆಕ್ಕ. ಎರಡನೇ ವ್ಯಾಟಿಕನ್ ಸಭೆ 1963ರಲ್ಲೇ ಇದು ಸಾಯುವ ಗಳಿಗೆಯವರಿಗೆ ಮಾತ್ರ ಅಲ್ಲ ಎಂದು ಹೇಳಿತು. ಮುಪ್ಪಿನಿಂದ ತೀರಾ ಬಲ ಕುಂದಿದವರೂ ತೆಗೆದುಕೊಳ್ಳಬಹುದು.

ಎರಡನೆಯದು ಕಷ್ಟ, ಯಾಕೆಂದರೆ ಇದೇ ನನಗೂ ಹೆದರಿಕೆ. ನಿಮ್ಮ ಹಾಗೇ ಬಲೆ ಎಳೆದವನೊಬ್ಬನಿದ್ದ, ಪೇತ್ರ. ಯೇಸು ಕಾಲು ತೊಳೆಯಲು ಬಂದಾಗ ಅವನೂ ಕಾಲು ಹಿಂದಕ್ಕೆ ಎಳೆದುಕೊಂಡ. ನೀನು ನನ್ನ ಕಾಲು ತೊಳೆಯಬಾರದು ಅಂದ. ಅದು ವಿನಯದ ಹಾಗೆ ಕಾಣುತ್ತದೆ, ಒಳಗಿರುವುದು ನಿಮ್ಮದೇ ತಾಂಡೇಲನ ಬಿಗುಮಾನ. ತೊಳೆಯದಿದ್ದರೆ ನಿನಗೂ ನನಗೂ ಪಾಲಿಲ್ಲ ಅಂದ ಮೇಲೆ ಕಾಲು ಕೊಟ್ಟ. ಮುಂದೆ ಯೇಸು ಸತ್ತು ಮತ್ತೆ ಎದ್ದು ಬಂದ ಮೇಲೆ, ತಿಬೇರಿಯ ಸಮುದ್ರದ ದಡದಲ್ಲಿ, ಬಲೆಗೆ 153 ದೊಡ್ಡ ಮೀನು ಬಿದ್ದ ಬೆಳಿಗ್ಗೆ (ಲೆಕ್ಕ ಬರೆದಿಟ್ಟಿದ್ದಾರೆ ನೋಡಿ, ಮೀನುಗಾರರೇ ಸರಿ), ಕೆಂಡದ ಮೇಲೆ ಸುಟ್ಟ ಮೀನು ತಿಂದಾದ ಮೇಲೆ ಯೇಸು ಅವನಿಗೆ ಹೇಳಿದ ಮಾತು ಇದು: ಪ್ರಾಯದಲ್ಲಿ ನೀನೇ ನಡು ಕಟ್ಟಿಕೊಂಡು ಬೇಕಾದಲ್ಲಿಗೆ ಹೋಗುತ್ತಿದ್ದೆ, ಮುದುಕನಾದಾಗ ಕೈ ಚಾಚುತ್ತೀ, ಇನ್ನೊಬ್ಬರು ನಿನ್ನ ನಡು ಕಟ್ಟಿ ನಿನಗೆ ಬೇಡದ ಕಡೆಗೆ ಕರೆದುಕೊಂಡು ಹೋಗುತ್ತಾರೆ. ಇದು ಪೇತ್ರನ ಸಾವಿನ ಬಗ್ಗೆ ಹೇಳಿದ್ದು ಅಂತ ಯೋಹಾನನೇ ಬರೆದಿದ್ದಾನೆ, ನಿಜ. ಆದರೂ ಬೇರೆಯವರ ಕೈಯಲ್ಲಿ ಅಂಗಿ ಹಾಕಿಸಿಕೊಳ್ಳುವ ವಯಸ್ಸಿನವರು ಇದನ್ನು ಓದಿದರೆ ಬೇರೆಯೇ ಅರ್ಥ ಕೇಳಿಸುತ್ತದೆ. ಇಷ್ಟು ಹೇಳಿದ ಮೇಲೆ ಯೇಸು ಅಂದದ್ದು ಎರಡೇ ಶಬ್ದ, ನನ್ನನ್ನು ಹಿಂಬಾಲಿಸು. ಕೈ ಚಾಚುವುದೂ ಹಿಂಬಾಲಿಸುವುದರಲ್ಲೇ ಸೇರಿದೆ ಅಂತಾಯಿತಲ್ಲ.

ಮುಂದಿನ ಸಲ ಸೊಸೆ ಬಿಸಿನೀರು ತಂದಾಗ ಗೋಡೆ ನೋಡಬೇಡಿ. ಅವಳ ಮುಖ ನೋಡಿ ಒಂದು ಮಾತಾಡಿ, ದೇವರು ಒಳ್ಳೆಯದು ಮಾಡಲಿ ಮಗಳೇ ಅಂತಲಾದರೂ ಅನ್ನಿ. ಅವಳಿಗೂ ಅದು ಸುಲಭದ ಕೆಲಸವಲ್ಲ.

ಮತ್ತೆ, ಹರಿದ ಬಲೆ ಕಟ್ಟಲು ಮೊಣಕಾಲು ಬೇಕಾಗಿಲ್ಲ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳೆಲ್ಲ ದಡದಲ್ಲಿರುತ್ತವೆ. ಹುಡುಗರನ್ನು ಜಗಲಿಗೆ ಕರೆಸಿ ಗಂಟು ಹಾಕುವುದು ಕಲಿಸಿ, ಬೈಯಬೇಕೆನ್ನಿಸಿದರೆ ಸ್ವಲ್ಪ ಬೈಯಿರಿ. ಆಗಸ್ಟಿನಲ್ಲಿ ಅವರು ಮತ್ತೆ ಇಳಿದಾಗ ಒಂದೊಂದು ಬೋಟಿನ ಹೆಸರು ಹೇಳಿ ಪ್ರಾರ್ಥಿಸಿ. ಗಾಳಿ ಎತ್ತಿದ ರಾತ್ರಿ ಹೇಗಿರುತ್ತದೆ ಅಂತ ಗೊತ್ತಿದ್ದವನ ಪ್ರಾರ್ಥನೆ ಅದು, ನನ್ನಂಥವರ ಪ್ರಾರ್ಥನೆ ಅಲ್ಲ.

*

ಪ್ರಶ್ನೆ: ನಾನು ಕ್ರೈಸ್ತನಲ್ಲ. ನೆರೆಮನೆಯವರು ಓದಿದ ಮೇಲೆ ನಿಮ್ಮ ಪತ್ರಿಕೆ ಕೊಡುತ್ತಾರೆ. ಅಡಿಕೆ ತೋಟವನ್ನು ಮಗನಿಗೆ ಬಿಟ್ಟುಕೊಟ್ಟಿದ್ದೇನೆ, ಆದರೆ ಅವನು ಮದ್ದು ಹೊಡೆಸುವುದು ತಡ ಮಾಡಿದರೆ ಸುಮ್ಮನಿರಲು ಆಗುವುದಿಲ್ಲ. ನಮ್ಮಲ್ಲಿ ವಾನಪ್ರಸ್ಥ ಅಂತ ಇದೆ. ನಿಮ್ಮಲ್ಲಿ ಅಂಥದ್ದು ಇದೆಯಾ? (ಶಿರಸಿ)

ಉತ್ತರ: ಕಾಡಿಗೆ ಹೋಗುವ ಆಶ್ರಮ ಇಲ್ಲ ರಾಯರೇ. ಶಿರಸಿಯವರಿಗಾದರೆ ಕಾಡು ಹಿತ್ತಲಲ್ಲೇ ಇದೆ, ಅದು ಬೇರೆ. ಆದರೆ ಮೊದಲ ಶತಮಾನದ ಸಭೆಯಲ್ಲಿ ವಿಧವೆಯರ ಒಂದು ಪಟ್ಟಿ ಇತ್ತು. ತಿಮೊಥೆಯನಿಗೆ ಬರೆದ ಮೊದಲ ಪತ್ರದ ಐದನೇ ಅಧ್ಯಾಯದಲ್ಲಿ ಅದರ ನಿಯಮ ಇದೆ. ಅರವತ್ತು ತುಂಬಿರಬೇಕು. ಮಕ್ಕಳನ್ನು ಸಾಕಿದ್ದಾಳಾ, ಅತಿಥಿಗಳಿಗೆ ಊಟ ಹಾಕಿದ್ದಾಳಾ, ಭಕ್ತರ ಕಾಲು ತೊಳೆದಿದ್ದಾಳಾ, ಕಷ್ಟದಲ್ಲಿದ್ದವರ ಕೈಹಿಡಿದಿದ್ದಾಳಾ ಅಂತ ನೋಡಿ ಹೆಸರು ಬರೆದುಕೊಳ್ಳುತ್ತಿದ್ದರು. ನಮ್ಮ ನಿವೃತ್ತಿ ವಯಸ್ಸಿಗೇ ಅವರ ಭರ್ತಿ ನಡೆಯುತ್ತಿತ್ತು!

ಮಗನ ವಿಷಯಕ್ಕೆ ನಮ್ಮ ಬೈಬಲಿನ ಕಾಲೇಬನ ಕಥೆ ಕೇಳಿ. 85ನೇ ವಯಸ್ಸಿನಲ್ಲಿ ತನ್ನ ಜನರ ನಾಯಕ ಯೆಹೋಶುವನ ಹತ್ತಿರ ಬಂದು, ನನಗೆ ಇನ್ನೂ ಮೊದಲಿನ ಶಕ್ತಿ ಇದೆ, ಆ ಬೆಟ್ಟದ ಸೀಮೆ ನನಗೆ ಕೊಡು ಅಂದ. ಅಲ್ಲಿ ದೈತ್ಯರಿದ್ದರು, ಕೋಟೆಗಳಿದ್ದವು, ಯಾರಿಗೂ ಬೇಡದ ಜಾಗ. ಇನ್ನೊಬ್ಬರಿಗೆ ಹಂಚಿಕೊಟ್ಟದ್ದಕ್ಕೆ ಅವನು ಕೈಹಾಕಲಿಲ್ಲ, ಹೊಸ ಬೆಟ್ಟ ಕೇಳಿದ. ನೀವೂ ತೋಟ ಮಗನಿಗೆ ಬಿಟ್ಟು ಸೊಪ್ಪಿನ ಬೆಟ್ಟ ನೋಡಿಕೊಳ್ಳಿ, ಅಲ್ಲಿ ಗಿಡ ನೆಡಿ. ಅಡಿಕೆಗೆ ಕೊಳೆರೋಗ ಬಂದರೆ ಅವನೇ ನಿಮ್ಮ ಹತ್ತಿರ ಕೇಳಲು ಬರುತ್ತಾನೆ. ಆಗ "ನಾನು ಮೊದಲೇ ಹೇಳಿದ್ದೆ" ಅಂತ ಮಾತ್ರ ಅನ್ನಬೇಡಿ, ದಮ್ಮಯ್ಯ.

*

ಪ್ರಶ್ನೆ: ನೋಡಿಕೊಳ್ಳುತ್ತೇನೆ ಅಂದ ಅಂತ ಮನೆಯನ್ನು ಮಗನ ಹೆಸರಿಗೆ ದಾನಪತ್ರ ಮಾಡಿಕೊಟ್ಟೆ. ಈಗ ಒಂದು ಹೊತ್ತಿನ ಊಟಕ್ಕೂ ಮುಖ ನೋಡಬೇಕು. ಅಧಿಕಾರಿಗಳ ಹತ್ತಿರ ಹೋಗು ಎಂದು ಕೆಲವರು, ಕ್ರೈಸ್ತನಾಗಿ ಕ್ಷಮಿಸಿ ಸುಮ್ಮನಿರು ಎಂದು ಕೆಲವರು. (ಕುಮಟಾ)

ಉತ್ತರ: ಹೋಗಿ. ಕ್ಷಮಿಸುವುದೂ ಹಸಿದುಕೊಂಡಿರುವುದೂ ಬೇರೆ ಬೇರೆ. ಮಾರ್ಕನ ಏಳನೇ ಅಧ್ಯಾಯ ಓದಿ. ಅಪ್ಪ ಅಮ್ಮನಿಗೆ ಕೊಡಬೇಕಾದದ್ದನ್ನು "ಕೊರ್ಬಾನ್", ದೇವರಿಗೆ ಮುಡಿಪು, ಅಂತ ಹೇಳಿ ನುಣುಚಿಕೊಳ್ಳುವವರನ್ನು ಯೇಸು ಮುಖಕ್ಕೇ ಬೈದ. ದೇವರ ಹೆಸರಿನಲ್ಲೂ ತಂದೆ-ತಾಯಿಯ ಪಾಲು ತಪ್ಪಿಸಬಾರದು ಅಂದಮೇಲೆ, ಕ್ಷಮೆಯ ಹೆಸರಿನಲ್ಲಿ ತಪ್ಪಿಸಬಹುದಾ?

ಕಾನೂನು ಇದೆ, 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆ. ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ. ನಿಮ್ಮ ಕುಮಟಾದಲ್ಲೇ ಆ ಕಚೇರಿ ಇದೆ. ಕಾರವಾರ, ಶಿರಸಿ, ಭಟ್ಕಳದಲ್ಲೂ ಇದೆ. ಮಗ ತಿಂಗಳಿಗೆ ಇಷ್ಟು ಕೊಡಬೇಕು ಅಂತ ಆದೇಶ ಮಾಡಬಹುದು. ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟು, ಅವರು ನೋಡದಿದ್ದರೆ 23ನೇ ಕಲಮಿನಲ್ಲಿ ಆ ಪತ್ರವನ್ನೇ ರದ್ದು ಮಾಡಿಸಲೂ ದಾರಿ ಇದೆ. ನಿಮ್ಮ ದಾನಪತ್ರದಲ್ಲಿ ಆ ಮಾತು ಬರೆದಿದೆಯಾ ಅಂತ ವಕೀಲರಿಗೆ ತೋರಿಸಿ, ಅದೇ ಮುಖ್ಯ. ಯಾರನ್ನು ಕೇಳುವುದು ಅಂತ ತೋಚದಿದ್ದರೆ ಹಿರಿಯ ನಾಗರಿಕರ ಸಹಾಯವಾಣಿ 14567. ಅರ್ಜಿ ಕೊಟ್ಟ ದಿನ ಸಂಜೆ ಮಗನಿಗಾಗಿ ಪ್ರಾರ್ಥಿಸಿ. ಎರಡೂ ಒಂದೇ ದಿನ ಮಾಡಬಹುದು.

*

ಪ್ರಶ್ನೆ: ತೇರ್ಸ್ ಹೇಳುವಾಗ ಮೂರನೇ ರಹಸ್ಯಕ್ಕೆ, ಅಂದರೆ ಮೂರನೇ ಭಾಗಕ್ಕೆ, ಬರುವಷ್ಟರಲ್ಲಿ ನಿದ್ದೆ ಬಂದುಬಿಡುತ್ತದೆ. ಎಚ್ಚರವಾದಾಗ ಮಣಿ ಎಲ್ಲಿತ್ತು ಅಂತಲೇ ತಿಳಿಯುವುದಿಲ್ಲ. 80 ದಾಟಿದೆ. ದೇವರಿಗೆ ಬೇಸರವಾಗುತ್ತದಾ? (ಅಂಕೋಲಾ)

ಉತ್ತರ: ಲಿಸ್ಯೂವಿನ ಸಂತ ತೆರೇಸಮ್ಮನವರು ಇಪ್ಪತ್ತರ ಪ್ರಾಯದಲ್ಲೇ ಪ್ರಾರ್ಥನೆ ಹೊತ್ತಿಗೆ ನಿದ್ದೆ ಹೋಗುತ್ತಿದ್ದರು. ಮಕ್ಕಳು ಎದ್ದಿರಲಿ, ಮಲಗಿರಲಿ, ಅಪ್ಪ ಅಮ್ಮನಿಗೆ ಪ್ರೀತಿ ಒಂದೇ ಅಂತ ಸಮಾಧಾನ ಮಾಡಿಕೊಂಡಿದ್ದರಂತೆ. ನೀವು ಎಂಬತ್ತರಲ್ಲಿ ಹೆದರಬೇಕಾ ಅಜ್ಜಿ? ಎಲ್ಲಿ ಬಿಟ್ಟಿರೋ ಅಲ್ಲಿಂದ ಮುಂದುವರಿಸಿ. ಗೊತ್ತಾಗದಿದ್ದರೆ ಮೂರನೆಯದರಿಂದಲೇ ಮತ್ತೆ ಶುರು ಮಾಡಿ. ಹಾಂ, ಮಧ್ಯಾಹ್ನ ಹೇಳುವುದಾದರೆ ಊಟಕ್ಕೆ ಮೊದಲೇ ಹೇಳಿ. ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು ಆದ ಮೇಲೆ ನನಗಂತೂ ಎರಡನೇ ರಹಸ್ಯವೂ ದಾಟುವುದಿಲ್ಲ.